ಸ್ಪರ್ಧಾ ಕಾಯ್ದೆಯ ದಂಡ ಮತ್ತು ಅದರ ಲೆಕ್ಕದ ಆಧಾರ: ಗುಜರಾತಿನ ನಂಟಿರುವ 2012ರ ಮೂರು ಆದೇಶಗಳನ್ನು ಕುರಿತ ಟಿಪ್ಪಣಿ

1. ವ್ಯಾಪ್ತಿ

ಸ್ಪರ್ಧಾ ಕಾಯ್ದೆ, 2002ಕ್ಕೆ 2023ರಲ್ಲಿ ಬಂದ ತಿದ್ದುಪಡಿಯನ್ನು ದಂಡದ ಹೆಚ್ಚಳವೆಂದು ಕರೆಯುವುದು ವಾಡಿಕೆಯಾಗಿದೆ. ಆ ವಿವರಣೆ ತಪ್ಪಲ್ಲವಾದರೂ ಸ್ವಲ್ಪ ಸಡಿಲ. ಕಾಯ್ದೆಯ 27(ಬಿ) ಕಲಮಿನಲ್ಲಿರುವ ಶೇ. 10ರ ಮಿತಿ ಮೂಲ ಪಠ್ಯದಲ್ಲೂ ಇತ್ತು, ಈಗಲೂ ಇದೆ. ಬದಲಾದದ್ದು ಆ ಶೇ. 10ನ್ನು ಯಾವ ಮೊತ್ತದ ಮೇಲೆ ಎಣಿಸಬೇಕೆಂಬ ವಿಧಿ. ಈ ಟಿಪ್ಪಣಿಯ ವಾದ ಇಷ್ಟಕ್ಕೇ ಸೀಮಿತ: ದಂಡದ ತೂಕವನ್ನು ನಿರ್ಧರಿಸುವುದು ದರಕ್ಕಿಂತ ಹೆಚ್ಚಾಗಿ ಆಧಾರದ ಮೊತ್ತ, ಆಧಾರವನ್ನು ಹಿಗ್ಗಿಸಿದರೂ ಕೆಲವು ವರ್ಗದ ಪ್ರತಿವಾದಿಗಳ ಮಟ್ಟಿಗೆ ಹೆಚ್ಚಿನ ವ್ಯತ್ಯಾಸ ಆಗಲಾರದು.

ಇದನ್ನು ಪರಿಶೀಲಿಸಲು ಭಾರತೀಯ ಸ್ಪರ್ಧಾ ಆಯೋಗದ ಮೂರು ಆದೇಶಗಳನ್ನು ಆಯ್ದುಕೊಳ್ಳಲಾಗಿದೆ. ಮೂರೂ 2012ರವು: ಅಡುಗೆ ಅನಿಲ ಸಿಲಿಂಡರ್ ತಯಾರಕರ ವಿರುದ್ಧ ಫೆಬ್ರವರಿ 24ರದು, ಅಲ್ಯೂಮಿನಿಯಂ ಫಾಸ್ಫೈಡ್ ತಯಾರಕರ ವಿರುದ್ಧ ಏಪ್ರಿಲ್ 23ರದು, ಬರೋಡಾದ ಔಷಧ ವ್ಯಾಪಾರಿಗಳ ಸಂಘದ ವಿರುದ್ಧ ಸೆಪ್ಟೆಂಬರ್ 5ರದು. ಅನ್ವಯಿಸಿದ ದರ ಕ್ರಮವಾಗಿ ಶೇ. 7, ಶೇ. 9 ಮತ್ತು ಶೇ. 10. ಏಳು ತಿಂಗಳ ಒಳಗೆ ಮೂರು ದರಗಳು ಬಂದವು. ದರವನ್ನು ಯಾವ ಕ್ರಮದಿಂದ ತಲುಪಬೇಕೆಂದು ಹೇಳುವ ಮಾರ್ಗಸೂಚಿ ಆಗ ಇರಲಿಲ್ಲ. ಅದು ಬಂದದ್ದು 2024ರ ಮಾರ್ಚ್ 6ರಂದು.

ಮೂರನ್ನೂ ಗುಜರಾತಿಗೆ ಸಂಬಂಧಿಸಿದವು ಎನ್ನುವಾಗ ಒಂದು ಎಚ್ಚರ ಬೇಕು. ಬರೋಡಾ ಪ್ರಕರಣದ ನಂಟು ನೇರವಾದುದು. ಫಾಸ್ಫೈಡ್ ಪ್ರಕರಣದಲ್ಲಿ ಪ್ರತಿವಾದಿಗಳ ಕಾರ್ಖಾನೆಗಳು ವಾಪಿ, ಭಾವನಗರಗಳಲ್ಲಿದ್ದವು. ಖರೀದಿದಾರ ಸಂಸ್ಥೆ ದೆಹಲಿಯದು. ಸಿಲಿಂಡರ್ ಪ್ರಕರಣದ ನಂಟು ಪರೋಕ್ಷ: ಟೆಂಡರ್ ಕರೆದ ಇಂಡಿಯನ್ ಆಯಿಲ್ ಸಂಸ್ಥೆಯ ಸಂಸ್ಕರಣಾಗಾರ ವಡೋದರಾದ ಪಕ್ಕದ ಕೊಯಾಲಿಯಲ್ಲಿದೆ ಎನ್ನುವುದಕ್ಕಿಂತ ಹೆಚ್ಚಿನದನ್ನು ಹೇಳಲಾಗದು.

2. ಶಾಸನಾಧಿಕಾರ

ಅಮೆರಿಕದಲ್ಲಿ ಏಕಸ್ವಾಮ್ಯ ವಿರೋಧಿ ಶಾಸನ ಎರಡು ಹಂತಗಳಲ್ಲಿದೆ. ಒಕ್ಕೂಟದ ಶರ್ಮನ್ ಕಾಯ್ದೆ 1890ರದು. ಕಂಪನಿಗಳ ಮೇಲಿನ ಗರಿಷ್ಠ ದಂಡ 1974ರಲ್ಲಿ 10 ಲಕ್ಷ ಡಾಲರ್, 1990ರಲ್ಲಿ 1 ಕೋಟಿ, 2004ರಲ್ಲಿ 10 ಕೋಟಿ ಡಾಲರ್ ಆಯಿತು. ರಾಜ್ಯಗಳ ಕಾಯ್ದೆಗಳು ಬೇರೆ. ಕ್ಯಾಲಿಫೋರ್ನಿಯಾದ ಕಾರ್ಟ್‌ರೈಟ್ ಕಾಯ್ದೆಗೆ 2025ರಲ್ಲಿ ಆದ ತಿದ್ದುಪಡಿ ಕಂಪನಿಗಳ ಕ್ರಿಮಿನಲ್ ದಂಡದ ಮಿತಿಯನ್ನು 10 ಲಕ್ಷದಿಂದ 60 ಲಕ್ಷ ಡಾಲರಿಗೆ ಏರಿಸಿತು. ಅಲ್ಲಿಯ ವಿಧಾನ ನಿಗದಿತ ಅಂಕಿಯನ್ನು ಏರಿಸುತ್ತ ಹೋಗುವುದು. ಹಣದುಬ್ಬರ ಆ ಅಂಕಿಯನ್ನು ಸವೆಸುತ್ತದೆ, ಆದ್ದರಿಂದ ಶಾಸಕಾಂಗ ಮತ್ತೆ ಮತ್ತೆ ಅದಕ್ಕೆ ಕೈಹಾಕಬೇಕಾಗುತ್ತದೆ.

ಭಾರತದಲ್ಲಿ ರಾಜ್ಯಗಳಿಗೆ ಈ ಅಧಿಕಾರವೇ ಇಲ್ಲವೆಂಬ ಸಾಮಾನ್ಯ ತಿಳಿವಳಿಕೆಗೆ ಸಂವಿಧಾನದ ಪಠ್ಯ ಪೂರ್ತಿ ಬೆಂಬಲ ಕೊಡುವುದಿಲ್ಲ. ವಾಣಿಜ್ಯ ಮತ್ತು ಕೈಗಾರಿಕಾ ಏಕಸ್ವಾಮ್ಯ, ಕೂಟ, ಟ್ರಸ್ಟುಗಳ ವಿಷಯ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿದೆ, 21ನೆಯ ನಮೂದು. ಹಾಗಾಗಿ ಗುಜರಾತ್ ಅಥವಾ ಕರ್ನಾಟಕದ ವಿಧಾನಸಭೆ ಈ ವಿಷಯದಲ್ಲಿ ಶಾಸನ ಮಾಡಲು ತಾತ್ವಿಕವಾಗಿ ಅಡ್ಡಿಯಿಲ್ಲ. ಆದರೆ ಕೇಂದ್ರದ ಕಾಯ್ದೆಯೊಂದಿಗೆ ಘರ್ಷಣೆ ಉಂಟಾದರೆ 254ನೆಯ ವಿಧಿ ಅನ್ವಯಿಸುತ್ತದೆ. ಸ್ಪರ್ಧಾ ಕಾಯ್ದೆಯ 60ನೆಯ ಕಲಂ ತನಗೆ ಮೇಲುಗೈ ಕೊಟ್ಟುಕೊಂಡಿದೆ. ಈ ಕ್ಷೇತ್ರದ ದಂಡದ ಚರಿತ್ರೆಯನ್ನು ಭಾರತದ ಮಟ್ಟಿಗೆ ಸಂಸತ್ತಿನ ಚರಿತ್ರೆಯಾಗಿ ಓದಬೇಕಾಗಿ ಬರುವುದು ಈ ಕಾರಣಕ್ಕೆ.

3. ಪಠ್ಯದ ನಾಲ್ಕು ಸ್ಥಿತಿಗಳು

3.1. ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರ ಜೂನ್ 1ರಂದು. ಅದರಡಿ ಆಯೋಗದ ಮುಖ್ಯ ಅಸ್ತ್ರ 'ನಿಲ್ಲಿಸಿ, ಮುಂದೆ ಮಾಡಬೇಡಿ' ಎಂಬ ಆದೇಶ. ನಿರ್ಬಂಧಕ ಪದ್ಧತಿ ನಡೆದಿತ್ತೆಂಬ ಒಂದೇ ಕಾರಣಕ್ಕೆ ವಹಿವಾಟಿನ ಪಾಲನ್ನು ದಂಡವಾಗಿ ವಿಧಿಸುವ ಅಧಿಕಾರ ಅದಕ್ಕಿರಲಿಲ್ಲ. ನಷ್ಟಪರಿಹಾರ ಕೊಡಿಸುವ 12ಬಿ ಕಲಂ 1984ರಲ್ಲಿ ಸೇರಿತು.

3.2. ಸ್ಪರ್ಧಾ ಕಾಯ್ದೆಯ ಹೆಸರಿನಲ್ಲಿ 2002 ಇದ್ದರೂ ಅದು 2003ರ 12ನೆಯ ಕಾಯ್ದೆ. ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2003ರ ಜನವರಿ 13ರಂದು. ಎರಡು ವರ್ಷಗಳನ್ನೂ ಬಳಸಿದ ಉಲ್ಲೇಖಗಳು ಸಿಗುತ್ತವೆ, ಎರಡೂ ಸರಿ. ಮೂಲ ಪಠ್ಯದ 27(ಬಿ) ಕಲಂ ಸಾಮಾನ್ಯ ಉಲ್ಲಂಘನೆಗೆ ಹಿಂದಿನ ಮೂರು ಹಣಕಾಸು ವರ್ಷಗಳ ಸರಾಸರಿ ವಹಿವಾಟಿನ ಶೇ. 10ನ್ನು ಮಿತಿಯಾಗಿ ಇಟ್ಟಿತ್ತು. ಕಾರ್ಟೆಲ್ ಆದರೆ, ಅದರಿಂದ ಬಂದ ಲಾಭದ ಮೂರು ಪಟ್ಟು ಅಥವಾ ಸರಾಸರಿ ವಹಿವಾಟಿನ ಶೇ. 10, ಯಾವುದು ಹೆಚ್ಚೋ ಅದನ್ನು ಆಯೋಗ ವಿಧಿಸಲೇಬೇಕಿತ್ತು.

3.3. 2007ರ ತಿದ್ದುಪಡಿ ಈ ಪರಂತುಕವನ್ನು ಎರಡು ವಿರುದ್ಧ ದಿಕ್ಕುಗಳಲ್ಲಿ ಬದಲಿಸಿತು. ಒಂದು ಕಡೆ, ಕಡ್ಡಾಯ ಹೋಗಿ ವಿವೇಚನೆ ಬಂತು. ಮೊತ್ತಕ್ಕೆ 'ವರೆಗೆ' ಎಂಬ ಮಿತಿ ಸೇರಿತು. ಇನ್ನೊಂದು ಕಡೆ, ಲಾಭ ಮತ್ತು ವಹಿವಾಟುಗಳನ್ನು ಒಪ್ಪಂದ ನಡೆದ ಪ್ರತಿಯೊಂದು ವರ್ಷಕ್ಕೂ ಲೆಕ್ಕ ಹಾಕಲು ಅವಕಾಶ ಸಿಕ್ಕಿತು. ಐದು ವರ್ಷ ನಡೆದ ಕಾರ್ಟೆಲ್‌ಗೆ ಗರಿಷ್ಠ ಮಿತಿ ಏರಿತು, ಕನಿಷ್ಠ ಹೊರೆ ಮಾಯವಾಯಿತು. ಇದನ್ನು ಹೆಚ್ಚಳವೆನ್ನಬೇಕೋ ಇಳಿಕೆಯೆನ್ನಬೇಕೋ ಎಂಬುದು ಪ್ರಕರಣ ಎಷ್ಟು ಕಾಲ ನಡೆದದ್ದು ಎಂಬುದನ್ನು ಅವಲಂಬಿಸಿದೆ. 2023ರ ಚರ್ಚೆಗಳಲ್ಲಿ ಈ ಹಂತಕ್ಕೆ ಸಲ್ಲಬೇಕಾದ ಗಮನ ಸಂದಂತೆ ತೋರುವುದಿಲ್ಲ.

3.4. 2023ರ ತಿದ್ದುಪಡಿ ಕಾಯ್ದೆಗೆ (2023ರ 9ನೆಯ ಕಾಯ್ದೆ) ಅಂಕಿತ ಬಿದ್ದದ್ದು ಏಪ್ರಿಲ್ 11ರಂದು. 27(ಬಿ)ಗೆ ಸೇರಿದ ವಿವರಣೆಯ ಪ್ರಕಾರ ವಹಿವಾಟು ಎಂದರೆ ಎಲ್ಲ ಸರಕು ಮತ್ತು ಸೇವೆಗಳಿಂದ ಬಂದ ಜಾಗತಿಕ ವಹಿವಾಟು. ಈ ಭಾಗ ಜಾರಿಗೆ ಬಂದದ್ದು 2024ರ ಮಾರ್ಚ್ 6ರಂದು, ದಂಡ ನಿರ್ಧಾರದ ಮಾರ್ಗಸೂಚಿಯ ಜೊತೆಗೆ. ಅಂಕಿತಕ್ಕೂ ಜಾರಿಗೂ ನಡುವೆ ಹೆಚ್ಚುಕಡಿಮೆ ಹನ್ನೊಂದು ತಿಂಗಳ ಅಂತರವಿದೆ. ದಿನಾಂಕ ನಮೂದಿಸುವಾಗ ಯಾವುದನ್ನು ಉದ್ದೇಶಿಸಿದೆ ಎಂದು ಹೇಳದಿದ್ದರೆ ಗೊಂದಲವಾಗುತ್ತದೆ.

4. ಕೊಯಾಲಿ ಮತ್ತು ಸಿಲಿಂಡರ್ ಟೆಂಡರ್

ಕೊಯಾಲಿಯ ಗುಜರಾತ್ ಸಂಸ್ಕರಣಾಗಾರಕ್ಕೆ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದ್ದು 1963ರ ಮೇ 10ರಂದು, ಮೊದಲ ಘಟಕ ಕೆಲಸ ಆರಂಭಿಸಿದ್ದು 1965ರ ಅಕ್ಟೋಬರಿನಲ್ಲಿ, ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಲೋಕಾರ್ಪಣೆ ಮಾಡಿದ್ದು 1966ರ ಅಕ್ಟೋಬರ್ 18ರಂದು. ಸ್ಥಾಪನೆಯ ವರ್ಷವೆಂದು ಈ ಮೂರರಲ್ಲಿ ಯಾವುದನ್ನಾದರೂ ಕೊಡುವ ಬರಹಗಳಿವೆ.

ಇಂಡಿಯನ್ ಆಯಿಲ್ 2010-11ನೆಯ ಸಾಲಿಗೆ 14.2 ಕಿಲೋ ಅನಿಲ ಹಿಡಿಯುವ 105 ಲಕ್ಷ ಸಿಲಿಂಡರುಗಳಿಗೆ ಟೆಂಡರ್ ಕರೆಯಿತು. ಬೆಲೆಯ ಬಿಡ್ ಸಲ್ಲಿಸಬೇಕಿದ್ದುದು 2010ರ ಮಾರ್ಚ್ 3ರಂದು. ಅದರ ಹಿಂದಿನ ಎರಡು ದಿನ, ಮಾರ್ಚ್ 1 ಮತ್ತು 2ರಂದು, ಮುಂಬಯಿಯ ಒಂದು ಹೋಟೆಲಿನಲ್ಲಿ ಬಿಡ್‌ದಾರರಲ್ಲಿ ಹಲವರು ಸಭೆ ಸೇರಿದ್ದರು. ಬಳಿಕ ತೆರೆದ ಬಿಡ್‌ಗಳಲ್ಲಿ ಒಂದೊಂದು ರಾಜ್ಯಕ್ಕೆ ನಮೂದಿಸಿದ ಬೆಲೆಗಳು ಹಲವರಲ್ಲಿ ಒಂದೇ ಆಗಿದ್ದವು ಅಥವಾ ತೀರ ಹತ್ತಿರವಿದ್ದವು. ಸ್ವಪ್ರೇರಣೆಯಿಂದ ದಾಖಲಿಸಿಕೊಂಡ 2011ರ 3ನೆಯ ಪ್ರಕರಣದಲ್ಲಿ ಆಯೋಗ 45 ತಯಾರಕರ ಮೇಲೆ ಸರಾಸರಿ ವಹಿವಾಟಿನ ಶೇ. 7ರಷ್ಟು ದಂಡ ಹಾಕಿತು. ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿ 2013ರ ಡಿಸೆಂಬರ್ 20ರಂದು ಉಲ್ಲಂಘನೆಯ ತೀರ್ಮಾನವನ್ನು ಎತ್ತಿಹಿಡಿದು, ದಂಡದ ಮೊತ್ತವನ್ನು ಮರುಪರಿಶೀಲನೆಗೆ ಕಳಿಸಿತು.

2018ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ (ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್) ಇಡೀ ತೀರ್ಮಾನವನ್ನೇ ರದ್ದುಪಡಿಸಿತು. ಕೊಳ್ಳುವವರು ಮೂರೇ ಸರ್ಕಾರಿ ತೈಲ ಕಂಪನಿಗಳು, ಬೆಲೆಯ ಮೇಲೆ ಹಿಡಿತ ಬಹುಮಟ್ಟಿಗೆ ಅವುಗಳದೇ, ತಯಾರಕರಿಗೆ ಬೇರೆ ಮಾರುಕಟ್ಟೆ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಸ್ಥಿತಿಯಲ್ಲಿ ಬೆಲೆಗಳ ಸಾಮ್ಯ ಒಂದೇ ಒಳಒಪ್ಪಂದವನ್ನು ಸಾಬೀತು ಮಾಡದು ಎಂಬುದು ನಿಲುವಿನ ಸಾರ. ದಂಡದ ಅಧ್ಯಯನಕ್ಕೆ ಈ ಪ್ರಕರಣದಿಂದ ದಕ್ಕುವುದು ಕಡಿಮೆ, ಏಕೆಂದರೆ ದರ ಮತ್ತು ಆಧಾರದ ಪ್ರಶ್ನೆಗೆ ಕೋರ್ಟು ಹೋಗುವ ಅಗತ್ಯವೇ ಬೀಳಲಿಲ್ಲ. ಆದರೆ ಒಂದು ಮಿತಿಯನ್ನು ಅದು ತೋರಿಸುತ್ತದೆ: ಹೊಣೆಯೇ ನಿಲ್ಲದಿದ್ದಲ್ಲಿ ದಂಡದ ಗರಿಷ್ಠ ಮಿತಿ ಎಷ್ಟಿದ್ದರೂ ಒಂದೇ.

5. ಫಾಸ್ಫೈಡ್ ಮಾತ್ರೆಗಳು: ಒಂದೇ ದರ, ಎರಡು ಆಧಾರ

5.1. ಉಗ್ರಾಣದ ಧಾನ್ಯಕ್ಕೆ ಹುಳು ಬೀಳದಂತೆ ಹೊಗೆ ಹಾಕಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಭಾರತೀಯ ಆಹಾರ ನಿಗಮ ಟೆಂಡರ್ ಮೂಲಕ ಕೊಳ್ಳುತ್ತಿತ್ತು. 2009ರ ಮೇ ತಿಂಗಳ ಟೆಂಡರಿನಲ್ಲಿ ಎಕ್ಸೆಲ್ ಕ್ರಾಪ್ ಕೇರ್, ಯುನೈಟೆಡ್ ಫಾಸ್ಫರಸ್ ಮತ್ತು ಸಂಧ್ಯಾ ಆರ್ಗ್ಯಾನಿಕ್ ಕೆಮಿಕಲ್ಸ್ ಮೂರೂ ಕಿಲೋಗೆ 388 ರೂಪಾಯಿ ಎಂದು ಒಂದೇ ಬೆಲೆ ನಮೂದಿಸಿದವು. ನಿಗಮ 2011ರ ಫೆಬ್ರವರಿ 4ರ ಪತ್ರದಲ್ಲಿ ಆಯೋಗಕ್ಕೆ ದೂರು ಕೊಟ್ಟಿತು. ತನಿಖೆಯಲ್ಲಿ ಸಿಕ್ಕ ಸಾಕ್ಷ್ಯಗಳಲ್ಲಿ ಬೆಲೆಯ ಪಟ್ಟಿಯ ಜೊತೆಗೆ ನಿಗಮದ ಕಚೇರಿಯ ಸಂದರ್ಶಕರ ಪುಸ್ತಕವೂ ಇತ್ತು. ಪೈಪೋಟಿಯಲ್ಲಿರಬೇಕಾದ ಮೂರು ಕಂಪನಿಗಳ ಪ್ರತಿನಿಧಿಗಳು ಒಟ್ಟಿಗೆ ಬಂದಿದ್ದರು, ಮೂವರ ನಮೂದನ್ನೂ ಒಬ್ಬರೇ ಬರೆದಿದ್ದರು.

5.2. ಆಯೋಗ ಶೇ. 9ರ ದರವನ್ನು ಕಂಪನಿಗಳ ಒಟ್ಟು ಸರಾಸರಿ ವಹಿವಾಟಿನ ಮೇಲೆ ಅನ್ವಯಿಸಿತು. ಎಕ್ಸೆಲ್‌ಗೆ 63.90 ಕೋಟಿ, ಯುನೈಟೆಡ್ ಫಾಸ್ಫರಸ್‌ಗೆ 252.44 ಕೋಟಿ, ಸಂಧ್ಯಾಗೆ 1.57 ಕೋಟಿ ರೂಪಾಯಿ. ಮೇಲ್ಮನವಿ ನ್ಯಾಯಮಂಡಳಿ 2013ರ ಅಕ್ಟೋಬರ್ 29ರಂದು ಉಲ್ಲಂಘನೆಯನ್ನು ಎತ್ತಿಹಿಡಿಯಿತು, ಎರಡು ದೊಡ್ಡ ಕಂಪನಿಗಳ ಶೇ. 9ರ ದರವನ್ನೂ ಉಳಿಸಿಕೊಂಡಿತು. ಆಧಾರವನ್ನು ಮಾತ್ರ ಆ ಮಾತ್ರೆಗಳ ಮಾರಾಟಕ್ಕೆ, ಅಂದರೆ ಸಂಬಂಧಿತ ವಹಿವಾಟಿಗೆ, ಇಳಿಸಿತು. ಎಕ್ಸೆಲ್‌ನ ದಂಡ 2.92 ಕೋಟಿ, ಯುನೈಟೆಡ್ ಫಾಸ್ಫರಸ್‌ನದು 6.94 ಕೋಟಿ ಆಯಿತು. ಸುಪ್ರೀಂ ಕೋರ್ಟ್ (ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಎನ್.ವಿ. ರಮಣ) 2017ರ ಮೇ 8ರಂದು ಇದನ್ನು ಒಪ್ಪಿತು.

5.3. ಈ ಅಂಕಿಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಆಧಾರದ ಮೊತ್ತಗಳು ಸಿಗುತ್ತವೆ. ಎಕ್ಸೆಲ್‌ನ ಒಟ್ಟು ಸರಾಸರಿ ವಹಿವಾಟು ಸುಮಾರು 710 ಕೋಟಿ, ಸಂಬಂಧಿತ ವಹಿವಾಟು ಸುಮಾರು 32.4 ಕೋಟಿ. ಯುನೈಟೆಡ್ ಫಾಸ್ಫರಸ್‌ನ ಒಟ್ಟು ಸುಮಾರು 2,805 ಕೋಟಿ, ಸಂಬಂಧಿತ ಸುಮಾರು 77.1 ಕೋಟಿ. ದಂಡ ಮೊದಲನೆಯದಕ್ಕೆ ಸುಮಾರು 22ನೆಯ ಒಂದು ಭಾಗಕ್ಕೆ, ಎರಡನೆಯದಕ್ಕೆ ಸುಮಾರು 36ನೆಯ ಒಂದು ಭಾಗಕ್ಕೆ ಇಳಿದಂತಾಯಿತು. ಉಲ್ಲಂಘನೆ ಒಂದೇ, ದರ ಒಂದೇ. ಆದರೂ ಇಳಿಕೆಯ ಪ್ರಮಾಣ ಬೇರೆ. ಉತ್ಪನ್ನಗಳ ಹರವು ಹೆಚ್ಚಿದ್ದ ಕಂಪನಿಗೆ ಹೆಚ್ಚು ರಿಯಾಯಿತಿ ಸಿಕ್ಕಿತು. ಒಂದೇ ಸರಕು ಮಾಡುವ ಕಾಲ್ಪನಿಕ ತಯಾರಕನಿಗೆ ಇದೇ ತತ್ವದಿಂದ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ. ಹಾಗೆಂದು ಕೋರ್ಟಿನ ನಿಲುವು ಅಸಂಗತವೆನ್ನಲಾಗದು: ಹಲವು ಸರಕುಗಳ ಕಂಪನಿಗೆ ಒಂದು ಸರಕಿನ ತಪ್ಪಿಗಾಗಿ ಇಡೀ ವಹಿವಾಟಿನ ಮೇಲೆ ದಂಡ ಹಾಕಿದರೆ ತಪ್ಪಿಗೂ ಶಿಕ್ಷೆಗೂ ಅನುಪಾತ ಉಳಿಯದೆಂಬುದು ಅದರ ಕಾಳಜಿ.

5.4. 2023ರ ವಿವರಣೆ ಈ ತೀರ್ಪಿನ ಪರಿಣಾಮವನ್ನು ಶಾಸನದಿಂದ ಬದಲಿಸಿತು ಎನ್ನುವುದು ಸ್ಥೂಲವಾಗಿ ನಿಜ. ಆದರೆ 2024ರ ಮಾರ್ಗಸೂಚಿ ಸಂಬಂಧಿತ ವಹಿವಾಟನ್ನು ಕೈಬಿಟ್ಟಿಲ್ಲ. ಅದರ ಪ್ರಕಾರ ಲೆಕ್ಕ ಆರಂಭವಾಗುವುದು ಸರಾಸರಿ ಸಂಬಂಧಿತ ವಹಿವಾಟಿನ ಶೇ. 30ರವರೆಗಿನ ಮೊತ್ತದಿಂದ, ಅದನ್ನು ಉಲ್ಬಣಗೊಳಿಸುವ ಮತ್ತು ತಗ್ಗಿಸುವ ಅಂಶಗಳಿಗೆ ಅನುಗುಣವಾಗಿ ಹೊಂದಿಸಲಾಗುತ್ತದೆ, ಕೊನೆಯ ಮೊತ್ತ ಶಾಸನದ ಮಿತಿಯನ್ನು ಮೀರುವಂತಿಲ್ಲ. ಸಂಬಂಧಿತ ವಹಿವಾಟನ್ನು ನಿರ್ಧರಿಸುವುದು ಸಾಧ್ಯವಿಲ್ಲದಿದ್ದರೆ ಮಾತ್ರ ಜಾಗತಿಕ ವಹಿವಾಟೇ ಲೆಕ್ಕದ ಆಧಾರವಾಗುತ್ತದೆ. ಅಂದರೆ ಸಾಮಾನ್ಯ ಸಂದರ್ಭದಲ್ಲಿ ಜಾಗತಿಕ ವಹಿವಾಟು ಮೇಲಿನ ಮಿತಿ, ಸಂಬಂಧಿತ ವಹಿವಾಟು ಆರಂಭದ ಬಿಂದು.

ಮೇಲಿನ ಅಂಕಿಗಳಿಗೆ ಇದನ್ನು ಹಚ್ಚಿ ನೋಡಬಹುದು. ಎಕ್ಸೆಲ್‌ಗೆ ಆರಂಭದ ಮೊತ್ತ ಗರಿಷ್ಠ ಸುಮಾರು 9.7 ಕೋಟಿ, ಸಾಮಾನ್ಯ ಮಿತಿ 71 ಕೋಟಿ. ಯುನೈಟೆಡ್ ಫಾಸ್ಫರಸ್‌ಗೆ ಆರಂಭ ಗರಿಷ್ಠ ಸುಮಾರು 23.1 ಕೋಟಿ, ಮಿತಿ ಸುಮಾರು 280 ಕೋಟಿ. ಇದು ಬರಿಯ ಅಂಕಗಣಿತದ ಅಭ್ಯಾಸ: ಸರಾಸರಿಗೆ ಪರಿಗಣಿಸುವ ವರ್ಷಗಳು ಮಾರ್ಗಸೂಚಿಯಡಿ ಬೇರೆಯಾಗಬಹುದು, ಕಾರ್ಟೆಲ್ ಪರಂತುಕದ ಮಿತಿ ಇನ್ನೂ ಮೇಲಿರಬಹುದು. ಆದರೂ ಒಂದು ಮಾತನ್ನು ಹೇಳಬಹುದೆನಿಸುತ್ತದೆ. ಹೊಸ ಪದ್ಧತಿಯ ಆರಂಭದ ಮೊತ್ತ 2013ರ ಅಂಕಿಗೆ ಹೋಲಿಸಿದರೆ ಗರಿಷ್ಠ ಮೂರೂ ಚಿಲ್ಲರೆ ಪಟ್ಟು. 2012ರ ಅಂಕಿಯನ್ನು ಅದು ಎಲ್ಲಿಯೂ ಮುಟ್ಟುವುದಿಲ್ಲ. ಅಲ್ಲಿಂದ ಮಿತಿಯವರೆಗಿನ ವಿಶಾಲ ಜಾಗ ಆಯೋಗದ ವಿವೇಚನೆಗೆ ಬಿಟ್ಟದ್ದು.

6. ಬರೋಡಾ: ಆಧಾರವೇ ಚಿಕ್ಕದಾದಾಗ

6.1. ವೇದಾಂತ್ ಬಯೋ ಸೈನ್ಸಸ್ ಎಂಬ ಸಂಸ್ಥೆ ಬರೋಡಾದ ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್ ಅಸೋಸಿಯೇಷನ್ ವಿರುದ್ಧ ಕೊಟ್ಟ ದೂರು 1969ರ ಕಾಯ್ದೆಯಡಿಯ ಆಯೋಗದಿಂದ ವರ್ಗವಾಗಿ ಬಂದದ್ದು. ಆ ಕಾಯ್ದೆ 2009ರ ಸೆಪ್ಟೆಂಬರ್ 1ರಿಂದ ರದ್ದಾಗಿತ್ತು. ವಿಷಯ ಔಷಧ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ 'ಎನ್‌ಒಸಿ': ಕಂಪನಿಯೊಂದು ಊರಿನಲ್ಲಿ ಹೊಸ ಸ್ಟಾಕಿಸ್ಟನನ್ನು ನೇಮಿಸುವ ಮೊದಲು ಸಂಘದ ಒಪ್ಪಿಗೆ ಪತ್ರ ತರಬೇಕೆಂಬ ಕಟ್ಟಳೆ. ಹೊಸ ಮಾಲು ಬಿಡುವಾಗ ಸಂಘಕ್ಕೆ ಕಟ್ಟಬೇಕಾದ 'ಪಿಐಎಸ್' ಶುಲ್ಕ, ಅಂದರೆ ಉತ್ಪನ್ನ ಮಾಹಿತಿ ಸೇವೆಯ ಹಣ, ಇದರ ಜೋಡಿ.

6.2. ಆಯೋಗ ಗರಿಷ್ಠ ದರವನ್ನೇ, ಶೇ. 10ನ್ನೇ, ಹಾಕಿತು. ಮೊತ್ತ 53,837 ರೂಪಾಯಿ. ಅಂದರೆ ಸಂಘದ ಸರಾಸರಿ ಆದಾಯ ಸುಮಾರು 5.38 ಲಕ್ಷ. 2012ರ ಮೂರು ಆದೇಶಗಳಲ್ಲಿ ಅತ್ಯಂತ ಹೆಚ್ಚಿನ ದರ ಇದು, ಅತ್ಯಂತ ಚಿಕ್ಕ ಮೊತ್ತವೂ ಇದೇ. 2023ರ ವಿವರಣೆಯನ್ನು ಇದಕ್ಕೆ ಅನ್ವಯಿಸಿದರೂ ಅಂಕಿ ಕದಲುವುದಿಲ್ಲ. ಊರಿನ ಸಂಘಕ್ಕೆ ಜಾಗತಿಕ ವಹಿವಾಟು ಎಂಬುದಿಲ್ಲ. ಅದರ ಎಲ್ಲ ಆದಾಯ ಸದಸ್ಯರ ಚಂದಾ, ಶುಲ್ಕಗಳು. ಆರಂಭದ ಮೊತ್ತ ಶೇ. 30ರವರೆಗೆ ಹೋಗಬಹುದಾದರೂ ಕೊನೆಗೆ ಶೇ. 10ರ ಮಿತಿ ಅದನ್ನು ಮತ್ತೆ 53,837ಕ್ಕೇ ತಂದು ನಿಲ್ಲಿಸುತ್ತದೆ.

6.3. ಅಷ್ಟು ದಂಡ ನಡತೆಯನ್ನು ತಿದ್ದಿತೇ ಎಂಬುದನ್ನು ನೇರವಾಗಿ ಅಳೆಯುವ ಸಾಧನವಿಲ್ಲ. ಆದರೆ ಇದೇ ಬಗೆಯ ಆರೋಪಗಳ ಮೇಲೆ 2014 ಮತ್ತು 2015ರಲ್ಲಿ ಗುಜರಾತಿನಿಂದ ನಾಲ್ಕು ಪ್ರಕರಣಗಳು (2014ರ 65, 71, 72, 2015ರ 68) ಆಯೋಗದ ಮುಂದೆ ಬಂದವು. ಗುಜರಾತ್ ರಾಜ್ಯ ಒಕ್ಕೂಟ ಮತ್ತು ಅಹಮದಾಬಾದ್, ಸೂರತ್ ಸಂಘಗಳ ಜೊತೆಗೆ ಬರೋಡಾ ಸಂಘವೂ ಪ್ರತಿವಾದಿಗಳ ಪಟ್ಟಿಯಲ್ಲಿತ್ತು. ಇವುಗಳ ಆದೇಶ ಬಂದದ್ದು 2018ರ ಜುಲೈಯಲ್ಲಿ. ಒಂದೇ ಸಂಘದ ಹೆಸರು ಆರು ವರ್ಷಗಳ ಅಂತರದ ಎರಡು ಆದೇಶಗಳಲ್ಲಿ ಕಾಣುವುದು ಗಮನಾರ್ಹ. ಅದರಿಂದ ಕಾರ್ಯಕಾರಣ ಸಂಬಂಧವನ್ನು ಊಹಿಸುವುದು ಅವಸರವಾದೀತು.

6.4. ಕರ್ನಾಟಕದ ಸಮಾನಾಂತರ ಉದಾಹರಣೆ ಡಬ್ಬಿಂಗ್ ಪ್ರಕರಣ (2012ರ 58). ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಆಯೋಗ 2015ರ ಜುಲೈ 27ರಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಸುಮಾರು 16.82 ಲಕ್ಷ, ಕಿರುತೆರೆ ಸಂಘಕ್ಕೆ 1.74 ಲಕ್ಷ, ನಿರ್ಮಾಪಕರ ಸಂಘಕ್ಕೆ 1.68 ಲಕ್ಷ ರೂಪಾಯಿ ದಂಡ ವಿಧಿಸಿತು. ಒಂದು ಭಾಷೆಯ ಇಡೀ ಚಿತ್ರೋದ್ಯಮ ಹೊರಗಿನ ಸರಕನ್ನು ತಡೆದುದಕ್ಕೆ ಒಟ್ಟು ಇಪ್ಪತ್ತು ಲಕ್ಷದ ಆಸುಪಾಸು. ಇಲ್ಲಿಯೂ ಎಣಿಸಿದ್ದು ಸಂಘಗಳ ಆದಾಯವನ್ನು. ಅವುಗಳ ಹಿಂದಿದ್ದ ನಿರ್ಮಾಪಕರ, ವಾಹಿನಿಗಳ ವಹಿವಾಟು ಲೆಕ್ಕದ ಹೊರಗೇ ಉಳಿಯಿತು.

6.5. ಐರೋಪ್ಯ ಒಕ್ಕೂಟದ 1/2003 ನಿಯಂತ್ರಣದ 23(2) ವಿಧಿ ಇಲ್ಲಿ ಬೇರೆ ದಾರಿ ಹಿಡಿದಿದೆ. ಸಂಘದ ಉಲ್ಲಂಘನೆ ಸದಸ್ಯರ ಚಟುವಟಿಕೆಗೆ ಸಂಬಂಧಿಸಿದ್ದರೆ, ಆ ಮಾರುಕಟ್ಟೆಯಲ್ಲಿ ಸಕ್ರಿಯರಾದ ಸದಸ್ಯರ ವಹಿವಾಟಿನ ಮೊತ್ತದ ಶೇ. 10 ಅಲ್ಲಿ ಮಿತಿ. ಅಲ್ಲಿಯೂ ದರ ಅದೇ, ಬೇರೆಯಿರುವುದು ಆಧಾರ. 2023ರ ಭಾರತೀಯ ಪಠ್ಯದಲ್ಲಿ ಇದಕ್ಕೆ ಸಮನಾದ ಉಪಬಂಧ ಕಾಣುವುದಿಲ್ಲ. ಸಂಘಗಳ ಪ್ರಕರಣಗಳಲ್ಲಿ ದಂಡಕ್ಕೆ ತೂಕ ಬರಬಹುದಾದ ದಾರಿ ಬಹುಶಃ 48ನೆಯ ಕಲಂ: ಪದಾಧಿಕಾರಿಗಳ ವೈಯಕ್ತಿಕ ಸರಾಸರಿ ಆದಾಯದ ಶೇ. 10ರವರೆಗೆ.

7. ದರವಲ್ಲದ ಹೆಚ್ಚಳಗಳು

2023ರ ತಿದ್ದುಪಡಿಯಲ್ಲಿ ನೇರವಾಗಿ ಅಂಕಿಯನ್ನೇ ಏರಿಸಿದ ಕಲಂ ಒಂದಿದೆ. ಕಂಪನಿಗಳ ವಿಲೀನ, ಸ್ವಾಧೀನಗಳಲ್ಲಿ ಸುಳ್ಳು ಹೇಳಿಕೆ ಕೊಟ್ಟರೆ ವಿಧಿಸುವ ದಂಡದ ಮಿತಿ (44ನೆಯ ಕಲಂ) 1 ಕೋಟಿಯಿಂದ 5 ಕೋಟಿ ರೂಪಾಯಿಗೆ ಏರಿತು. 43ಎ ಕಲಮಿನಲ್ಲಿ ಮತ್ತೆ ಆಧಾರವೇ ಹಿಗ್ಗಿತು: ಆಸ್ತಿ ಮತ್ತು ವಹಿವಾಟುಗಳ ಜೊತೆಗೆ ವ್ಯವಹಾರದ ಮೌಲ್ಯವೂ ಸೇರಿತು. ಮೇಲ್ಮನವಿಗೆ ಹೋಗುವವರು ದಂಡದ ಶೇ. 25ನ್ನು ಮೊದಲೇ ಠೇವಣಿ ಇಡಬೇಕೆಂಬ 53ಬಿ ಕಲಮಿನ ಷರತ್ತು ದಂಡವೆಂದು ಕರೆಸಿಕೊಳ್ಳದಿದ್ದರೂ ಅದರ ಭಾರವನ್ನು ಮುಂಗಡವಾಗಿ ಹೊರಿಸುತ್ತದೆ. ಸಿಲಿಂಡರ್ ಪ್ರಕರಣದಂತೆ ಆರು ವರ್ಷ ಎಳೆದು ಕೊನೆಗೆ ರದ್ದಾಗುವ ದಂಡಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ.

8. ಕಾಲದ ಪ್ರಶ್ನೆ

2024ರ ಮಾರ್ಚ್ 6ಕ್ಕಿಂತ ಮೊದಲಿನ ನಡತೆಗೆ ಜಾಗತಿಕ ವಹಿವಾಟಿನ ಮಿತಿ ಅನ್ವಯಿಸುತ್ತದೆಯೇ ಎಂಬುದು ಈಗ ವಿವಾದದ ಕೇಂದ್ರ. ಆಪಲ್ ಕಂಪನಿ ಜಾಗತಿಕ ವಹಿವಾಟಿನ ಆಧಾರವನ್ನು 2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ತನ್ನ ಮೇಲೆ ಬೀಳಬಹುದಾದ ಗರಿಷ್ಠ ದಂಡ 38 ಶತಕೋಟಿ ಡಾಲರ್ ಎಂದು ಅದರ ಲೆಕ್ಕ.

ಇದಕ್ಕೆ ಹತ್ತಿರದ ಹಿಂದಿನ ನಿದರ್ಶನ ಫಾಸ್ಫೈಡ್ ಪ್ರಕರಣದಲ್ಲೇ ಇದೆ. ಕಾಯ್ದೆಯ 3ನೆಯ ಕಲಂ ಜಾರಿಗೆ ಬಂದದ್ದು 2009ರ ಮೇ 20ರಂದು; ಬಿಡ್‌ಗಳು ಸಲ್ಲಿಕೆಯಾದದ್ದು ಮೇ 8ರಂದು. ಹನ್ನೆರಡು ದಿನ ಮುಂಚೆ. ಪ್ರತಿವಾದಿಗಳು ಈ ಅಂತರವನ್ನೇ ಹಿಡಿದು ವಾದಿಸಿದರು. ಬಿಡ್ ಮೊದಲೇ ಸಲ್ಲಿಕೆಯಾಗಿದ್ದರೂ ಟೆಂಡರ್ ಪ್ರಕ್ರಿಯೆ ಮತ್ತು ಬೆಲೆಯ ಮಾತುಕತೆ ಮೇ 20ರ ನಂತರವೂ ಮುಂದುವರಿದಿತ್ತು, ಆದ್ದರಿಂದ ಕಲಂ ಅನ್ವಯಿಸುತ್ತದೆ ಎಂದು ಕೋರ್ಟ್ ಹೇಳಿತು. ಆದರೆ ಅಲ್ಲಿ ಪ್ರಶ್ನೆ ಇದ್ದದ್ದು ಹೊಣೆಯ ಬಗ್ಗೆ, ದಂಡದ ಮಿತಿಯ ಬಗ್ಗೆ ಅಲ್ಲ. ಮಾರ್ಚ್ 6ರ ಎರಡೂ ಬದಿಗೆ ಚಾಚಿಕೊಂಡ ನಡತೆಗೆ ಆ ತರ್ಕವನ್ನು ವಿಸ್ತರಿಸಬಹುದೇ, ವಿಸ್ತರಿಸಿದರೆ ಆ ದಿನಾಂಕದ ಹಿಂದಿನ ವರ್ಷಗಳ ವಹಿವಾಟಿಗೂ ಅದು ತಾಗುತ್ತದೆಯೇ ಎಂಬುದನ್ನು 2017ರ ತೀರ್ಪು ಇತ್ಯರ್ಥ ಮಾಡಿಲ್ಲ.